ಬಿಸಿಯೇರಿದಾಗ ಬಡಿಯುವ ಎಂಜಿನು

ಮೋಟಾರು ವಾಹನಗಳ ಕಾಯಿಲೆಯ ಕುರಿತು ಬರೆಯಲು ಈ ಲೇಖಕನಿಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುವುದು ನನ್ನ ಕಸುಬು. ಪಿಸ್ಟನ್ನು, ಬೇರಿಂಗುಗಳ ಸಹವಾಸ ಒದಗಿದ್ದು ಕೈಯಿಂದ ಹಣ ಕಳೆದುಕೊಂಡ ಮೇಲೆ. ಹಾಗೆ ಕಲಿತ ಪಾಠವಾದ್ದರಿಂದ ಅದು ಮರೆತುಹೋಗಿಲ್ಲ.

ನಮ್ಮ ಮನೆಯಲ್ಲಿ 1986ರ ಒಂದು ಅಂಬಾಸಿಡರ್ ಇದೆ. ಪೆಟ್ರೋಲ್ ಗಾಡಿ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸೋದರಮಾವ ಕೊಂಡದ್ದು, ಅವರ ಕಾಲಾನಂತರ ನಮ್ಮ ಅಂಗಳಕ್ಕೆ ಬಂತು. ಅದರೊಳಗಿರುವುದು 1489 ಸಿ.ಸಿ.ಯ ಎಂಜಿನು; ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿದ ಮೇಲೆ ಹೊಸ ಅಂಬಾಸಿಡರ್ ಎಂಬುದೇ ಇಲ್ಲ. ಐದೈದು ವರ್ಷಕ್ಕೊಮ್ಮೆ ದಾಖಲೆ ನವೀಕರಿಸಿ, ತೆರಿಗೆ ಕಟ್ಟಿ, ಈ ಮುದುಕನನ್ನು ಏಕೆ ಸಾಕುತ್ತೀರಿ ಎಂದು ಸಹೋದ್ಯೋಗಿಗಳು ಗೇಲಿ ಮಾಡುವುದುಂಟು. ಕಾರಣ ಸರಳವಾದದ್ದು. ನಮ್ಮ ಅಮ್ಮನ ಎರಡು ಮೊಣಕಾಲುಗಳೂ ಸವೆದಿವೆ. ಈಗಿನ ಸಣ್ಣ ಕಾರುಗಳ ತಗ್ಗಿನ ಸೀಟಿಗೆ ಅವರು ಇಳಿಯಲಾರರು, ಇಳಿದರೆ ಏಳಲಾರರು. ಅಂಬಾಸಿಡರಿನ ಹಿಂದಿನ ಸೀಟು ಅವರಿಗೆ ಮನೆಯ ಮಂಚದ ಹಾಗೆ. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಿಬರುವುದು ಅದರಲ್ಲೇ.

ಹಾಗೆ ಹೋಗುವ ಒಂದು ಶನಿವಾರ, ಬದಿಯಡ್ಕದಿಂದ ಹೊರಟು ಕುಂಬಳೆಯಲ್ಲಿ ಹೆದ್ದಾರಿ ಸೇರಿ, ಉಪ್ಪಳ ಸಮೀಪಿಸುವಷ್ಟರಲ್ಲಿ ಮುಂದುಗಡೆಯಿಂದ ಒಂದು ಸದ್ದು ಏಳತೊಡಗಿತು. ಮನೆಯಿಂದ ಹೊರಡುವಾಗ ಇರಲಿಲ್ಲ. ಕುಂಬಳೆಯಲ್ಲೂ ಇರಲಿಲ್ಲ. ಎಂಜಿನು ಚೆನ್ನಾಗಿ ಬಿಸಿಯಾದ ಮೇಲೆ ಟಕ್, ಟಕ್, ಟಕ್ ಎಂದು ಶುರುವಾಗಿ, ವೇಗ ಹೆಚ್ಚಿಸಿದ ಹಾಗೆ ಅದೂ ಹೆಚ್ಚುತ್ತಿತ್ತು. ನಾನು ಕೇಳಿಸದವನಂತೆ ನಟಿಸಿದೆ. ಹಿಂದಿನಿಂದ ಅಮ್ಮ, “ಎಂತದು ಮಗಾ ಅದು? ಒಳಗೆ ಯಾರೋ ಅವಲಕ್ಕಿ ಕುಟ್ಟಿದ ಹಾಗೆ ಕೇಳ್ತದೆ” ಎಂದರು.

ಆಮೇಲೆ ತಿಳಿಯಿತು, ರೋಗಲಕ್ಷಣವನ್ನು ಇಷ್ಟು ಸರಿಯಾಗಿ ಹೇಳಿದವರು ಅಮ್ಮ ಮಾತ್ರ ಎಂದು.

ಸದ್ದಿಗೊಂದು ಹೆಸರು

ಎಂಜಿನಿನ ಸದ್ದುಗಳೆಲ್ಲ ಒಂದೇ ಅಲ್ಲ. ಅನುಕರಣ ಶಬ್ದಗಳಲ್ಲಿ ನಮ್ಮ ಭಾಷೆ ಸಿರಿವಂತವಾದುದರಿಂದ ಕನ್ನಡದವನಿಗೆ ಇಲ್ಲಿ ಒಂದು ಅನುಕೂಲವುಂಟು. ಹೊಲಿಗೆಯಂತ್ರದಂತೆ ಹಗುರಾಗಿ ಟಿಕ್‌ಟಿಕ್ ಎನ್ನುವುದು ಹೆಚ್ಚಾಗಿ ಮೇಲ್ಭಾಗದ ಟ್ಯಾಪೆಟ್. ಕವಾಟವನ್ನು ತೆರೆಯುವ ಭಾಗಗಳ ನಡುವಿನ ಸಂದು ಹೆಚ್ಚಾದಾಗ ಬರುವಂಥದು. ಪ್ರತಿಯೊಂದು ಕವಾಟವೂ ಎಂಜಿನು ಎರಡು ಸುತ್ತು ತಿರುಗುವಾಗ ಒಮ್ಮೆ ಮಾತ್ರ ತೆರೆಯುವುದರಿಂದ ಈ ಸದ್ದಿನ ಲಯ ನಿಧಾನ, ಎಂಜಿನಿನ ಅರ್ಧ ವೇಗ. ಇದರಿಂದ ಎಂಜಿನು ತಕ್ಷಣ ಹಾಳಾಗುವುದಿಲ್ಲ. ಸಂದನ್ನು ಅಳೆದು ಸರಿಪಡಿಸಿದರೆ ಮುಗಿಯಿತು.

ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಅಲುಗಿಸಿದಂತೆ ಕಿಣಿಕಿಣಿ ಎನ್ನುವುದು ಪೆಟ್ರೋಲ್ ಉರಿಯುವ ದೋಷ. ಇದು ಗುಡ್ಡ ಹತ್ತುವಾಗ, ಅದರಲ್ಲೂ ಮೇಲಿನ ಗೇರಿನಲ್ಲೇ ಎಳೆಸುವಾಗ ಕೇಳುತ್ತದೆ. ಬೆಳಗ್ಗೆ ಎಬ್ಬಿಸಿದ ಕೂಡಲೇ ಪೊಳ್ಳಾಗಿ ಕೊಟಕೊಟ ಎಂದು, ಬಿಸಿಯಾಗುತ್ತ ಮರೆಯಾಗುವುದು ಸಿಲಿಂಡರಿನೊಳಗೆ ಪಿಸ್ಟನ್ ಅಲುಗುವ ಸದ್ದು. ಪಿಸ್ಟನ್ ಅಲ್ಯೂಮಿನಿಯಮ್, ಸಿಲಿಂಡರು ಎರಕದ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಮ್ ಹೆಚ್ಚು ಹಿಗ್ಗುವುದರಿಂದ ನಡುವಣ ಸಂದು ಕಿರಿದಾಗಿ ಸದ್ದು ಅಡಗುತ್ತದೆ. ಇದನ್ನು ಇಟ್ಟುಕೊಂಡು ವರ್ಷಗಟ್ಟಲೆ ಓಡಿಸಿದವರಿದ್ದಾರೆ.

ಇನ್ನು ನಮ್ಮದು. ತಣ್ಣಗಿರುವಾಗ ಇಲ್ಲ, ಬಿಸಿಯಾದಾಗ ಬರುತ್ತದೆ, ಲಯ ಎಂಜಿನಿನದ್ದೇ, ಸ್ವರ ಗಟ್ಟಿಯಾದದ್ದು, ಒನಕೆಯದ್ದು. ಹೆದರಬೇಕಾದದ್ದು ಇದಕ್ಕೆ. ಆದರೆ ಆ ದಿನ ನನಗೆ ಇದೊಂದೂ ಗೊತ್ತಿರಲಿಲ್ಲ.

ಎರಡು ವಾರ ವ್ಯರ್ಥ

ಮೊದಲು ಹೋದ ಗ್ಯಾರೇಜಿನ ತರುಣ ಬಾನೆಟ್ ಎತ್ತಿ ಅರ್ಧ ನಿಮಿಷ ಆಲಿಸಿ, “ನಾಕಿಂಗ್, ಪೆಟ್ರೋಲಿನದ್ದು” ಎಂದ. ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ತಿರುಗಿಸಿ ಕಿಡಿ ತಡವಾಗಿ ಹಾರುವಂತೆ ಮಾಡಿ ಕಳುಹಿಸಿದ. ಅವನು ಹೇಳಿದ ರೋಗ ಇಲ್ಲದ್ದೇನೂ ಅಲ್ಲ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಸಿಲಿಂಡರಿನೊಳಗೆ ಕ್ರಮವಾಗಿ ಹರಡಬೇಕು. ಅದು ತಲುಪುವ ಮೊದಲೇ ಆಚೆ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿದರೆ ಕಿಣಿಕಿಣಿ ಏಳುತ್ತದೆ. ಕಿಡಿ ಬೇಗ ಹಾರುವುದು, ಒಳಗೆ ಮಸಿ ಕಟ್ಟಿರುವುದು, ನೀರು ಕಡಿಮೆಯಾಗಿ ಎಂಜಿನು ಕಾದಿರುವುದು, ಪೆಟ್ರೋಲಿನ ಗುಣ ಸಾಲದಿರುವುದು ಇವೆಲ್ಲ ಅದಕ್ಕೆ ಕಾರಣ. ಇದನ್ನು ತಡೆಯಲೆಂದೇ ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಹಿಡಿದದ್ದು. ಎಂಜಿನಿಗೆ ಸುಖವಾಯಿತು, ಉಸಿರಾಡುವವರಿಗೆ ವಿಷವಾಯಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಈಗ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ಹಳೆಯ ಗಾಡಿಗಳ ರಬ್ಬರಿನ ಕೊಳವೆಗಳ ಮೇಲೆ ಒಂದು ಕಣ್ಣಿಡಬೇಕಾದರೂ, ಕಿಣಿಕಿಣಿಯ ಮಟ್ಟಿಗೆ ಎಥನಾಲ್ ಶತ್ರುವಲ್ಲ. ಅದರಿಂದ ಪೆಟ್ರೋಲಿನ ಆಕ್ಟೇನ್ ಏರುತ್ತದೆ.

ಪ್ರಶ್ನೆ ಏನೆಂದರೆ, ಕಿಣಿಕಿಣಿ ಬರುವುದು ಎಂಜಿನು ಭಾರ ಎಳೆಯುವಾಗ. ನಮ್ಮ ಗಾಡಿ ಅಂಗಳದಲ್ಲಿ ಗೇರಿಲ್ಲದೆ ನಿಂತು, ಸ್ವಲ್ಪ ವೇಗ ಕೊಟ್ಟರೂ ಬಡಿಯುತ್ತಿತ್ತು. ಇಷ್ಟನ್ನು ನಾನು ಗಮನಿಸಿ ಹೇಳಿದ್ದರೆ ಆ ತರುಣನೂ ಎರಡು ಸಲ ಯೋಚಿಸುತ್ತಿದ್ದ. ಹೇಳಲಿಲ್ಲ. ಮೇಷ್ಟ್ರಾದವನಿಗೆ ಗ್ಯಾರೇಜಿನಲ್ಲಿ ಬಾಯಿ ಬರುವುದಿಲ್ಲ. ಕಿಡಿ ತಡವಾದ ಫಲವಾಗಿ ಗಾಡಿಯ ಎಳೆತ ಕಡಿಮೆಯಾಯಿತು, ಎಂಜಿನು ಮೊದಲಿಗಿಂತ ಹೆಚ್ಚು ಕಾಯತೊಡಗಿತು, ಬಡಿತವೂ ಜೋರಾಯಿತು. ಇನ್ನೊಬ್ಬರು ಎಂಜಿನಿನ ಕಥೆ ಮುಗಿಯಿತು, ಗುಜರಿಗೆ ಕೊಡಿ ಎಂದರು. ಹೀಗೆ ಎರಡು ವಾರ ಕಳೆಯಿತು. ಅಮ್ಮನ ಮುಂದಿನ ಶನಿವಾರ ಹತ್ತಿರವಾಗುತ್ತಿತ್ತು.

ಆಶಾನ್ ಕಿವಿ

ಕೊನೆಗೆ ಮಿತ್ರರೊಬ್ಬರು ತೋರಿಸಿದ್ದು ಕುಂಬಳೆಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕರನ್ನು. ಎಲ್ಲರೂ ಕರೆಯುವಂತೆ ನಾನೂ ಆಶಾನ್ ಎಂದೇ ಕರೆದೆ. ಮನೆಮಾತು ಮಲಯಾಳ, ಗಿರಾಕಿಗಳೊಡನೆ ತುಳು, ನನ್ನಂಥವರಿಗೆ ಬೇಕಾದಷ್ಟು ಕನ್ನಡ. ಗಾಡಿಯನ್ನು ನಾನು ಓಡಿಸಿಕೊಂಡು ಬಂದದ್ದು ಕಂಡು, “ಬಿಸಿಯಾಗಿಯೇ ತಂದಿರಲ್ಲ ಮಾಷೇ, ಒಳ್ಳೇದಾಯಿತು” ಎಂದರು. ಸ್ವಲ್ಪ ಆಲಿಸಿ ತಮ್ಮ ಶಿಷ್ಯನ ಕಡೆ ತಿರುಗಿ “ಮುಟ್ಟುನ್ನುಂಡ್” ಎಂದರು. ಬಡಿಯುತ್ತಿದೆ ಎಂದು ಅರ್ಥ. ಮಲಯಾಳದಲ್ಲಿ ಮುಟ್ಟುವುದೆಂದರೆ ಬಡಿಯುವುದು, ಕನ್ನಡದಲ್ಲಿ ತಾಗುವುದು. ನಮ್ಮ ಎಂಜಿನಿನೊಳಗೆ ನಡೆಯುತ್ತಿದ್ದದ್ದು ಎರಡೂ. ತಾಗಬಾರದ ಎರಡು ಲೋಹಗಳು ತಾಗಿದ್ದರಿಂದಲೇ ಬಡಿತ ಹುಟ್ಟಿತ್ತು.

ಅದನ್ನು ಸ್ವಲ್ಪ ವಿವರಿಸಬೇಕು. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ, ಅಡಿಯ ಕ್ರ್ಯಾಂಕ್ ಶಾಫ್ಟು ಸುತ್ತುತ್ತದೆ. ಇವೆರಡನ್ನೂ ಜೋಡಿಸುವ ತೋಳು ಕನೆಕ್ಟಿಂಗ್ ರಾಡ್. ಆ ತೋಳಿನ ಕೆಳತುದಿ ಶಾಫ್ಟನ್ನು ತಬ್ಬಿಕೊಂಡಲ್ಲಿ ಬಳೆಯನ್ನು ಎರಡು ಹೋಳು ಮಾಡಿದಂಥ ಬೇರಿಂಗು ಕುಳಿತಿರುತ್ತದೆ. ಬೇರಿಂಗಿಗೂ ಶಾಫ್ಟಿಗೂ ನಡುವೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆಯಾದ ಸಂದು. ಪಂಪು ಒತ್ತಿ ಕಳುಹಿಸುವ ಎಣ್ಣೆ ಆ ಸಂದಿನಲ್ಲಿ ತುಂಬಿ, ಶಾಫ್ಟು ಎಣ್ಣೆಯ ಮೇಲೆ ತೇಲುತ್ತದೆಯೇ ಹೊರತು ಲೋಹದ ಮೇಲೆ ಕೂರುವುದಿಲ್ಲ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಸುಮಾರು 73 ಮಿಲಿಮೀಟರ್ ವ್ಯಾಸದ ಆ ಪಿಸ್ಟನ್ನಿನ ತಲೆಯ ಮೇಲೆ, ಪೂರ್ತಿ ಭಾರ ಎಳೆಯುವಾಗ, ಒಂದೂವರೆ ಟನ್ನಿನಷ್ಟು ಒತ್ತಡ ಬೀಳುತ್ತದೆ. ಅದನ್ನೆಲ್ಲ ತಾಳಿಕೊಳ್ಳುವುದು ಈ ಎಣ್ಣೆಯ ಪೊರೆ.

ಬೇರಿಂಗು ಸವೆದು ಸಂದು ಹೆಚ್ಚಾಯಿತೆನ್ನಿ. ತಣ್ಣಗಿರುವಾಗ ಎಣ್ಣೆ ಜೋನಿಬೆಲ್ಲದ ಹಾಗೆ ಮಂದ. ಹೆಚ್ಚಿದ ಸಂದಿನಲ್ಲೂ ಹೇಗೋ ನಿಂತು ಪೆಟ್ಟನ್ನು ಮೆತ್ತಗೆ ಮಾಡುತ್ತದೆ. ಬಿಸಿಯೇರಿದಂತೆ ಅದೇ ಎಣ್ಣೆ ನೀರಾಗಿ, ಸಂದಿನಿಂದ ಹೊರಕ್ಕೆ ಜಾರಿ, ಒತ್ತಡ ಕುಸಿದು, ತೋಳಿನ ತುದಿ ಶಾಫ್ಟಿಗೆ ನೇರವಾಗಿ ಗುದ್ದುತ್ತದೆ. ಹತ್ತು ಮೈಲಿ ಸುಮ್ಮನಿದ್ದು ಆಮೇಲೆ ಸದ್ದು ಹೊರಡುವ ಗುಟ್ಟು ಇಷ್ಟೇ.

ಆಶಾನ್ ಒಮ್ಮೆಲೇ ತೀರ್ಪು ಕೊಡಲಿಲ್ಲ. ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡಿದರು. ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ, ಬಣ್ಣ ಡಾಮರಿನದ್ದು. ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಬೇಕಾದಷ್ಟು ಎಣ್ಣೆ ಹೊಯ್ದು ಮತ್ತೆ ಎಬ್ಬಿಸಿದರೂ ಬಡಿತ ನಿಲ್ಲಲಿಲ್ಲ. ಬಳಿಕ ಫ್ಯಾನ್ ಬೆಲ್ಟು ಕಳಚಿ ಅರೆ ನಿಮಿಷ ಓಡಿಸಿದರು. ನೀರಿನ ಪಂಪಿನ ಅಥವಾ ಡೈನಮೋದ ಸದ್ದಾಗಿದ್ದರೆ ಆಗ ನಿಲ್ಲಬೇಕಿತ್ತು. ಕ್ಲಚ್ ಒತ್ತಿಸಿದರು, ವ್ಯತ್ಯಾಸವಿಲ್ಲ. ಮುಂದಿನ ಪುಲ್ಲಿ, ಹಿಂದಿನ ಫ್ಲೈವೀಲ್ ಬೋಲ್ಟುಗಳು ಸಡಿಲವಾದರೂ ಇದೇ ಸ್ವರ ಬರುವುದುಂಟಂತೆ. ಅದಕ್ಕಾಗಿ ಎಂಜಿನು ಬಿಚ್ಚಿಸಿಕೊಂಡು ಮೋಸಹೋದವರ ಕಥೆ ಹೇಳಿದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿ, ಡಾಕ್ಟರರ ಹಾಗೆ ಮೇಲಿನಿಂದ ಕೆಳಗಿನವರೆಗೆ ಆಲಿಸಿದರು. ಮೇಲೆ ಸದ್ದು ಮಂಕು, ಕೆಳಗೆ ಸ್ಪಷ್ಟ.

ಅನಂತರದ ಪರೀಕ್ಷೆ ನಿಜಕ್ಕೂ ಸ್ವಾರಸ್ಯದ್ದು. ಎಂಜಿನು ನಿಧಾನವಾಗಿ ಓಡುತ್ತಿರುವಾಗ ನಾಲ್ಕು ಪ್ಲಗ್ಗುಗಳ ಕಿಡಿಯನ್ನು ಒಂದೊಂದಾಗಿ ಕಡಿಯುವುದು. ಕಿಡಿ ಕಡಿದ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ. ಉರಿಯದಿದ್ದರೆ ಪಿಸ್ಟನ್ನಿನ ಮೇಲೆ ಏಟಿಲ್ಲ. ಏಟಿಲ್ಲದಿದ್ದರೆ ಆ ತೋಳು ಗುದ್ದುವುದಿಲ್ಲ. ಒಂದನೆಯದನ್ನು ಕಡಿದರು, ಎಂಜಿನು ತತ್ತರಿಸಿತು, ಬಡಿತ ಹಾಗೇ ಇತ್ತು. ಎರಡನೆಯದು, ಹಾಗೆಯೇ. ಮೂರನೆಯದನ್ನು ಕಡಿದಾಗ ಬಡಿತ ಥಟ್ಟನೆ ನಿಂತಿತು. ಮತ್ತೆ ಜೋಡಿಸಿದರು, ಮತ್ತೆ ಬಂತು. ಟ್ಯಾಪೆಟ್ಟಿನ ಸದ್ದಾಗಿದ್ದರೆ ಕಿಡಿ ಕಡಿದರೂ ಬದಲಾಗುತ್ತಿರಲಿಲ್ಲ. ಶಾಫ್ಟನ್ನು ಹೊತ್ತಿರುವ ಮುಖ್ಯ ಬೇರಿಂಗಿನದ್ದಾಗಿದ್ದರೆ ಸ್ವರ ಇನ್ನೂ ಆಳದ್ದಾಗಿ, ಅಕ್ಕಪಕ್ಕದ ಎರಡು ಸಿಲಿಂಡರು ಕಡಿದಾಗ ತಗ್ಗುತ್ತಿತ್ತು. “ಮೂರನೇದು, ಬಿಗ್ ಎಂಡ್” ಎಂದರು ಆಶಾನ್.

ಇಲ್ಲಿ ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ವಾಚಕರು ಮನೆಯಲ್ಲಿ ಮಾಡಹೋಗಬಾರದು. ಪ್ಲಗ್ಗಿನ ತಂತಿಯಲ್ಲಿ ಹರಿಯುವುದು ಸಾವಿರಾರು ವೋಲ್ಟು. ಈಗಿನ ಗಣಕ ನಿಯಂತ್ರಿತ ಎಂಜಿನುಗಳಲ್ಲಂತೂ ಹಾಗೆ ತಂತಿ ಕಿತ್ತರೆ ಬೆಲೆಬಾಳುವ ಭಾಗಗಳೇ ಸುಡಬಹುದು. ಅವುಗಳಲ್ಲಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ತಡೆದು ನೋಡುವ ಕ್ರಮವಿದೆ, ಅದು ಬಲ್ಲವರ ಕೆಲಸ. ಬಾನೆಟ್ ಎತ್ತಿ ಬಗ್ಗುವಾಗ ಮುಂಡಿನ ತುದಿ, ಶಾಲು ಬೆಲ್ಟಿಗೆ ಸಿಗದಂತೆ ಕಟ್ಟಿಕೊಳ್ಳಿ ಎಂದೂ ಹೇಳಬೇಕಾಗಿದೆ. ನನ್ನ ಒಂದು ಮುಂಡು ಹಾಗೆ ಹೋಗಿದೆ.

ಕೊನೆಯ ಸಾಕ್ಷ್ಯವೆಂದು ಎಣ್ಣೆಯ ಒತ್ತಡ ಅಳೆದರು. ನಮ್ಮ ಗಾಡಿಯ ಸೂಚಕ ಕೆಟ್ಟು ವರ್ಷಗಳಾಗಿದ್ದವು. ಆಶಾನ್ ತಮ್ಮದೇ ಮೀಟರು ಜೋಡಿಸಿದರು. ಸಾವಿರ ಸುತ್ತಿಗೆ ಹತ್ತು ಪೌಂಡು ಇರಬೇಕೆಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. ಬಿಸಿಯಾದ ನಮ್ಮ ಎಂಜಿನಿನಲ್ಲಿ, ವೇಗ ಕೊಟ್ಟರೂ ಮುಳ್ಳು ಹದಿನೈದು ದಾಟಲಿಲ್ಲ. “ಇನ್ನು ಓಡಿಸಬೇಡಿ ಮಾಷೇ. ತೋಳು ಮುರಿದರೆ ಬ್ಲಾಕ್ ಒಡೆದು ಹೊರಗೆ ಬರ್ತದೆ” ಎಂದರು. ನೇತ್ರಾವತಿ ಸೇತುವೆಯ ನಡುವೆ ಅಮ್ಮನನ್ನು ಕೂರಿಸಿಕೊಂಡು ನಾನು ಹಾಗೆ ನಿಂತ ಚಿತ್ರ ಕಣ್ಣಿಗೆ ಕಟ್ಟಿತು. ಎರಡು ವಾರ ಅದನ್ನೇ ಓಡಿಸಿದ್ದೆನಲ್ಲ!

ಬಿಚ್ಚಿದಾಗ ಕಂಡದ್ದು

ಅಡಿಯ ಸಂಪು ಕಳಚಿದಾಗ ತಳದ ಎಣ್ಣೆಯಲ್ಲಿ ಮಿನುಗುವ ಪುಡಿ. ಮೂರನೆಯ ತೋಳಿನ ಬೇರಿಂಗನ್ನು ಆಶಾನ್ ನನ್ನ ಅಂಗೈಯಲ್ಲಿ ಇಟ್ಟರು. ಮಂಕು ಬೂದು ಬಣ್ಣವಿರಬೇಕಾದ ಒಳಮೈ ಸವೆದು ಒಳಗಿನ ತಾಮ್ರ ಕಾಣುತ್ತಿತ್ತು, ಗೀರುಗಳು ಬೆರಳಿಗೆ ಸಿಗುತ್ತಿದ್ದವು. ಶಾಫ್ಟಿನ ಮೇಲೆ ಮೈಕ್ರೋಮೀಟರ್ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಅಳೆದರೆ ಅದು ದುಂಡಗಿರಲಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿತ್ತು.

ಈಗ ಎರಡು ದಾರಿ. ಹೊಸ ಬೇರಿಂಗು ಹಾಕಿ ಮುಚ್ಚಿಬಿಡುವುದು ಒಂದು. ಒಂದೇ ದಿನದ ಕೆಲಸ, ಖರ್ಚು ಕಡಿಮೆ, ಸದ್ದೂ ನಿಲ್ಲುತ್ತದೆ. ಆದರೆ ದುಂಡಗಿಲ್ಲದ ಶಾಫ್ಟಿನ ಮೇಲೆ ದುಂಡಗಿನ ಬೇರಿಂಗು ಎಷ್ಟು ದಿನ ಬಾಳೀತು? ಮೂರು ತಿಂಗಳು ಎಂದರು ಆಶಾನ್. ಇನ್ನೊಂದು, ಎಂಜಿನು ಇಳಿಸಿ, ಶಾಫ್ಟನ್ನು ಮಂಗಳೂರಿಗೆ ಒಯ್ದು ಅರೆಯಿಸಿ, ಅರೆದಷ್ಟು ದಪ್ಪನೆಯ ಬೇರಿಂಗು ಹಾಕುವುದು. ಖರ್ಚು ನನ್ನ ಒಂದು ತಿಂಗಳ ಸಂಬಳದ ಸುಮಾರು ಅರ್ಧ. ಮನೆಯಲ್ಲಿ ರಾತ್ರಿ ಲೆಕ್ಕ ಹಾಕಿದೆವು. ಅಮ್ಮ, “ನಾನು ಬಸ್ಸಿನಲ್ಲಿ ಹೋಗ್ತೇನೆ” ಎಂದರು. ಅವರಿಂದ ಬಸ್ಸಿನ ಮೆಟ್ಟಿಲು ಹತ್ತಲಾಗದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಮರುದಿನ ಅರೆಯಿಸಿ ಎಂದು ಹೇಳಿಬಂದೆ. ಆ ತಿಂಗಳ ಮಂಗಳೂರು ಪ್ರಯಾಣ ಬಾಡಿಗೆ ಜೀಪಿನಲ್ಲಿ ಆಯಿತು.

ನಾಲ್ಕು ತೋಳುಗಳ ಜಾಗವನ್ನೂ ಇಂಚಿನ ಸಾವಿರದಲ್ಲಿ ಹತ್ತು ಭಾಗದಷ್ಟು, ಎಂದರೆ ಕಾಲು ಮಿಲಿಮೀಟರು, ಅರೆದರು. ಅರೆದು ಬಂದ ಶಾಫ್ಟಿನೊಳಗಿನ ಎಣ್ಣೆಯ ರಂಧ್ರಗಳನ್ನು ಆಶಾನ್ ತಂತಿ ಹಾಕಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಮತ್ತೆ ಶುಚಿಮಾಡಿದರು. ಅರೆದ ಪುಡಿ ಅಲ್ಲಿ ಉಳಿದರೆ ಹೊಸ ಬೇರಿಂಗು ಮೊದಲ ದಿನವೇ ಹೋದಂತೆ. ಹಳೆಯ ಎಣ್ಣೆ ಪಂಪು ಬದಲಾಯಿತು, ಅದರ ಜಾಲರಿಯಲ್ಲಿ ಅಂಟಿದ್ದ ಕೆಸರು ತೆಗೆದರು, ಹೊಸ ಫಿಲ್ಟರು ಬಂತು. ಪ್ರತಿ ಬೋಲ್ಟನ್ನೂ ಅಳತೆಯ ಪಾನದಲ್ಲಿ ಬಿಗಿದು, ಒಂದೊಂದು ತೋಳು ಬಿಗಿದಾಗಲೂ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಮೊದಲ ಕಿವಿಮಾತಿನಂತೆ ಹಾಳು ಮಾಡಿದ್ದ ಕಿಡಿಯ ಸಮಯವನ್ನೂ ಸರಿಮಾಡಿದರು. ಬಿಸಿಯಾದ ಮೇಲೆ ಮೀಟರು ನೋಡಿದೆವು: ನಿಧಾನವಾಗಿ ಓಡುವಾಗ ಇಪ್ಪತ್ತು ಪೌಂಡು, ವೇಗ ಕೊಟ್ಟಾಗ ಐವತ್ತು.

ಬೇರಿಂಗು ಹೋದದ್ದು ಏಕೆಂದು ಆಶಾನ್ ಕೇಳಿದಾಗ ಒಪ್ಪಿಕೊಳ್ಳಲೇಬೇಕಾಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಪಾಣತ್ತೂರಿನ ದಾರಿಯಾಗಿ ಭಾಗಮಂಡಲಕ್ಕೆ ಹೋಗಿದ್ದೆವು. ಹೊರಡುವಾಗ ದೇವರಿಗೆ ಕೈಮುಗಿದಿದ್ದೆ, ಎಣ್ಣೆಯ ಕಡ್ಡಿ ನೋಡಿರಲಿಲ್ಲ. ಸಂಪಿನಲ್ಲಿ ಎಣ್ಣೆ ಕಡಿಮೆಯಿದ್ದರೆ ಕಡಿದಾದ ಏರಿನಲ್ಲಿ, ತಿರುವಿನಲ್ಲಿ ಅದು ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಗುತ್ತದೆ. ಕೆಲವೇ ಕ್ಷಣ ಎಣ್ಣೆಯಿಲ್ಲದೆ ಸುತ್ತಿದರೂ ಬೇರಿಂಗಿಗೆ ಗಾಯವಾಗುತ್ತದೆ. ಕೆಟ್ಟ ಸೂಚಕವನ್ನು ಸರಿಮಾಡಿಸಿದ್ದರೆ ಅದಾದರೂ ಹೇಳುತ್ತಿತ್ತು. ಅದರ ಬೆಲೆ ಒಂದು ಹೊಸ ಮುಂಡಿನಷ್ಟು.

ಹಳೆಯ ಕಾರು ಕೊಳ್ಳುವ ಯೋಚನೆಯಲ್ಲಿರುವವರಿಗೆ ಆಶಾನ್ ಹೇಳಿದ ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಮಾರುವವರು ಗಾಡಿಯನ್ನು ತಣ್ಣಗಿರುವಾಗ ಎಬ್ಬಿಸಿ, ಎರಡು ನಿಮಿಷ ಕೇಳಿಸಿ ಮುಂಗಡ ಕೇಳಿದರೆ ಒಪ್ಪಬಾರದು. ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆ ಗೇರಿಲ್ಲದೆ ನಿಲ್ಲಿಸಿ, ಮೆಲ್ಲನೆ ವೇಗ ಕೊಟ್ಟು ಥಟ್ಟನೆ ಬಿಡಬೇಕು. ಬಿಗ್ ಎಂಡ್ ಸವೆದಿದ್ದರೆ ಬಿಡುವ ಆ ಕ್ಷಣದಲ್ಲಿ ಗಡಗಡ ಎನ್ನುತ್ತದೆ. ಮಂದ ಎಣ್ಣೆ ತುಂಬಿ ಸದ್ದನ್ನು ಕೆಲವು ದಿನ ಅಡಗಿಸುವುದೂ ಉಂಟು. ಕಡ್ಡಿಯಿಂದ ಎಣ್ಣೆ ತೊಟ್ಟಿಕ್ಕುವುದನ್ನೇ ನೋಡಿದರೆ ಅನುಮಾನ ಬರುತ್ತದೆ. ಹೊಸ ಕಾರುಗಳಲ್ಲಿ ಕಿಣಿಕಿಣಿಯನ್ನು ಹಿಡಿಯುವ ಸೂಕ್ಷ್ಮ ಸಾಧನ ಎಂಜಿನಿನ ಮೈಯಲ್ಲೇ ಇದ್ದು, ಕಿಡಿಯ ಸಮಯವನ್ನು ತಾನೇ ಹಿಂದೆ ಮುಂದೆ ಮಾಡುತ್ತದೆ. ಆದರೆ ಬೇರಿಂಗು ಸವೆದರೆ ಅದರಿಂದೇನೂ ಆಗದು. ಅಲ್ಲಿ ಈಗಲೂ ಬೇಕಾದದ್ದು ಕಿವಿ, ಎಣ್ಣೆಯ ಕಡ್ಡಿ ಮತ್ತು ಮೀಟರು.

ಮೊದಲ ಐನೂರು ಕಿಲೋಮೀಟರು ಐವತ್ತರ ವೇಗ ದಾಟಬಾರದು, ಆಮೇಲೆ ಎಣ್ಣೆ ಬದಲಿಸಬೇಕು ಎಂಬುದು ಆಶಾನ್ ಕಟ್ಟಳೆ. ಹೀಗಾಗಿ ಮುಂದಿನ ತಿಂಗಳ ಶನಿವಾರ ಹೆದ್ದಾರಿಯಲ್ಲಿ ನಮ್ಮನ್ನು ಹಿಂದೆ ಹಾಕದ ವಾಹನವಿಲ್ಲ. ಉಪ್ಪಳ ಕಳೆಯಿತು, ಹೊಸಂಗಡಿ ಕಳೆಯಿತು. ಹೊಸ ಸೂಚಕದ ಮೇಲೆ ಒಂದು ಕಣ್ಣು, ರಸ್ತೆಯ ಮೇಲೆ ಒಂದು ಕಣ್ಣಿಟ್ಟು ಓಡಿಸುತ್ತಿದ್ದೆ. ತಲಪಾಡಿ ದಾಟುವಾಗ ತಡೆಯಲಾರದೆ, “ಈಗ ಎಂತಾದರೂ ಕೇಳ್ತದಾ ಅಮ್ಮ?” ಎಂದು ವಿಚಾರಿಸಿದೆ.

ಅವರು ಸ್ವಲ್ಪ ಹೊತ್ತು ಆಲಿಸಿದರು. “ಮುಂದೆ ಎಂತದೂ ಇಲ್ಲ ಮಗಾ. ಈ ಎಡದ ಬಾಗಿಲು ಮಾತ್ರ ಗಲಗಲ ಹೇಳ್ತದೆ.”